ಕೊರೆರಂಧ್ರದಲ್ಲಿ ಕಂಡ ಯಾರ್ಕ್

ದೊಡ್ಡ ಕಟ್ಟಡವೊಂದು ಏಳುವ ಮೊದಲು ಖಾಲಿ ನಿವೇಶನದಲ್ಲಿ ಮುಕ್ಕಾಲಿ ನಿಲ್ಲಿಸಿ ನೆಲ ಕೊರೆಯುವುದನ್ನು ನೀವು ನೋಡಿರಬಹುದು. ಅದು ನೀರಿಗಾಗಿ ಕೊರೆಯುವ ಬೋರ್‌ವೆಲ್ ಅಲ್ಲ. ನೆಲ ಎಷ್ಟು ಭಾರ ಹೊರಬಲ್ಲದೆಂದು ತಿಳಿಯುವ ಪರೀಕ್ಷೆ. ಸುಮಾರು 15 ಸೆಂ.ಮೀ. ವ್ಯಾಸದ ರಂಧ್ರದ ತಳದಲ್ಲಿ ಕೊಳವೆಯನ್ನಿಟ್ಟು, 63.5 ಕಿ.ಗ್ರಾಂ. ತೂಕದ ಸುತ್ತಿಗೆಯನ್ನು 76 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ. ಒಂದೊಂದು ಪೆಟ್ಟಿನ ಶಕ್ತಿಯನ್ನು ನಿಮ್ಮ ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಿ. ಸುಮಾರು 473 ಜೂಲ್ ಬರಬೇಕು. ಕೊಳವೆ ಮೊದಲ 15 ಸೆಂ.ಮೀ. ಇಳಿದದ್ದನ್ನು ಬಿಟ್ಟು, ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂಬ ಸಂಖ್ಯೆಯೇ ಇಂಜಿನಿಯರಿಗೆ ಬೇಕಾದ ಉತ್ತರ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಈ ಮುಕ್ಕಾಲಿಯ ಪಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಅವರು ಪುರಾತತ್ವಜ್ಞರು. ಮೇಲೆ ಬಂದ ಮಣ್ಣು ಒಂದೇ. ಅದಕ್ಕೆ ಇಬ್ಬರು ಹಾಕುವ ಪ್ರಶ್ನೆಗಳು ಬೇರೆ.

ಯಾರ್ಕನ್ನು ರೋಮನರು ಕ್ರಿ.ಶ. 71ರಲ್ಲಿ ಸ್ಥಾಪಿಸಿದರು. 866ರಲ್ಲಿ ಅದು ವೈಕಿಂಗರ ವಶವಾಯಿತು. ಹಳೆಯ ಮನೆ ಬಿದ್ದ ಮೇಲೆ ಅದರ ಅವಶೇಷದ ಮೇಲೆಯೇ ಹೊಸ ಮನೆ ಎದ್ದು, ನೆಲದ ಮಟ್ಟ ಏರುತ್ತಲೇ ಹೋಯಿತು. ಕೆಲವೆಡೆ ಇಂಥ ಸ್ತರಗಳ ದಪ್ಪ 9 ಮೀಟರಿನವರೆಗೂ ಇದೆ. ಇಂಜಿನಿಯರರ ವರದಿಯಲ್ಲಿ ಇಷ್ಟಕ್ಕೂ ಒಂದೇ ಹೆಸರು: ಭರ್ತಿ ಮಣ್ಣು. ಹೀಗೆಂದು ಅವರನ್ನು ದೂರುತ್ತಿಲ್ಲ. ನಮ್ಮ ಕಾಲೇಜಿನ ಹೊಸ ಕಟ್ಟಡಕ್ಕೆ ಮಣ್ಣು ಪರೀಕ್ಷೆ ಮಾಡಿಸಿದಾಗ ಬಂದ ವರದಿಯಲ್ಲೂ ಅದೇ ಪದವಿತ್ತು. ಅಲ್ಲಿ ಒಂದು ಕಟ್ಟೆಯಿತ್ತು, ಅದರ ಏರಿಯ ಮೇಲೆ ಗಾಡಿದಾರಿಯಿತ್ತು ಎಂದು ಹೇಳಿದವರು ನಮ್ಮ ಹಳೆಯ ಅಟೆಂಡರು. ವರದಿಯಲ್ಲಿ ತಪ್ಪೇನೂ ಇರಲಿಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಯಾರ್ಕ್‌ನಲ್ಲಿ ಕೇಳತೊಡಗಿದ್ದು 1972ರಲ್ಲಿ, ಪೀಟರ್ ಆಡಿಮನ್ ಅವರ ನೇತೃತ್ವದಲ್ಲಿ ಯಾರ್ಕ್ ಪುರಾತತ್ವ ಟ್ರಸ್ಟ್ ಆರಂಭವಾದಾಗ. ಅದೇ ವರ್ಷ ಪೇವ್‌ಮೆಂಟ್ ಎಂಬ ಬೀದಿಯಲ್ಲಿ ಲಾಯ್ಡ್ಸ್ ಬ್ಯಾಂಕಿನ ಶಾಖೆ ಏಳಲಿದ್ದ ಜಾಗದಲ್ಲಿ ತೋಡಿದ ಗುಂಡಿಗಳಿಂದ ವೈಕಿಂಗರ ಕಾಲದ ಸಾವಯವ ವಸ್ತುಗಳು ಕೆಡದೆ ಹೊರಬಂದವು. ಅವುಗಳಲ್ಲೊಂದು, ಮುಜುಗರವಿಲ್ಲದೆ ಹೇಳುವುದಾದರೆ, ಸುಮಾರು 20 ಸೆಂ.ಮೀ. ಉದ್ದದ ಮನುಷ್ಯ ಮಲ. ಜಂತುಹುಳುಗಳ ಮೊಟ್ಟೆಗಳು ಸಹ ಅದರಲ್ಲಿ ಉಳಿದಿದ್ದವು! ಕಾರಣ ಸರಳ ಭೌತಶಾಸ್ತ್ರ. ನೀರಿನಲ್ಲಿ ಆಕ್ಸಿಜನ್ ವಿಸರಣೆಯಾಗುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಸದಾ ನೀರು ಕುಡಿದು ಕುಳಿತ ಮಣ್ಣಿನಲ್ಲಿ ಇದ್ದಬದ್ದ ಆಕ್ಸಿಜನ್ ಬೇಗ ಮುಗಿಯುತ್ತದೆ. ಕೊಳೆಸುವ ಜೀವಿಗಳ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ.

ಪಕ್ಕದ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ದೊಡ್ಡ ಉತ್ಖನನ ನಡೆಯಿತು. ಈ ಹೆಸರಿಗೂ ತಾಮ್ರಕ್ಕೂ ಬಾಗಿಲಿಗೂ ಸಂಬಂಧವಿಲ್ಲ. ವೈಕಿಂಗರ ಭಾಷೆಯಲ್ಲಿ ಅದು ಮರದ ಬಟ್ಟಲು ಕಡೆಯುವವರ ಬೀದಿ, ನಮ್ಮ ಬಳೇಪೇಟೆ ಇದ್ದ ಹಾಗೆ. ಬಟ್ಟಲು ಕಡೆದಾಗ ಉಳಿದ ಮರದ ತಿರುಳುಗಳು ಅಲ್ಲೇ ದೊರೆತವು. ಸುಮಾರು 40,000 ವಸ್ತುಗಳನ್ನು ಎತ್ತಿ, ಉತ್ಖನನ ಮುಗಿಸಿ, ಜಾಗವನ್ನು ಕಟ್ಟಡ ಕಟ್ಟುವವರಿಗೆ ಒಪ್ಪಿಸಲಾಯಿತು.

ಮುಗಿದಿರಲಿಲ್ಲ. 1982ರ ಮೇ ತಿಂಗಳಲ್ಲಿ, ಉತ್ಖನನದ ಅಂಚಿನಾಚೆ ಅಗೆಯುತ್ತಿದ್ದ ಯಂತ್ರದ ಬಕೆಟ್ಟು ಗಟ್ಟಿಯಾದುದೇನನ್ನೋ ತಾಗಿತು. ಚಾಲಕ ಯಂತ್ರ ನಿಲ್ಲಿಸಿ ಇಳಿದು ನೋಡಿದ. ಅದು ಕಬ್ಬಿಣ ಮತ್ತು ಹಿತ್ತಾಳೆಯ ಶಿರಸ್ತ್ರಾಣ. ಎಂಟನೆಯ ಶತಮಾನದ್ದು, ಎಂದರೆ ವೈಕಿಂಗರಿಗಿಂತಲೂ ಹಿಂದಿನದು. ಅದರ ಮೇಲಿನ ಲ್ಯಾಟಿನ್ ಬರಹದಲ್ಲಿ ಓಷೆರೆ ಎಂಬ ಹೆಸರಿದೆ. ಆ ಚಾಲಕನ ಗಮನ ಅರೆಕ್ಷಣ ಬೇರೆಡೆ ಇದ್ದಿದ್ದರೆ ಅದು ಮಣ್ಣಿನೊಂದಿಗೆ ಲಾರಿ ಸೇರುತ್ತಿತ್ತು.

ಹಾಗಾದರೆ ಮೊದಲೇ ಕೊರೆದು ನೋಡಿದ್ದರೆ ಸಿಗುತ್ತಿತ್ತೇ? ಲೆಕ್ಕ ಮಾಡೋಣ. 15 ಸೆಂ.ಮೀ. ವ್ಯಾಸದ ರಂಧ್ರದ ವಿಸ್ತೀರ್ಣ 0.018 ಚ.ಮೀ. 1,000 ಚ.ಮೀ. ನಿವೇಶನದಲ್ಲಿ ಐದು ರಂಧ್ರ ಕೊರೆದರೂ ನಾವು ನೋಡುವುದು ಸುಮಾರು 11,000ದಲ್ಲಿ ಒಂದು ಪಾಲು. ಶಿರಸ್ತ್ರಾಣ ಸಿಗುವುದು ಲಾಟರಿ ಹೊಡೆದಂತೆ. ಆದರೆ ಸ್ತರಗಳು ಶಿರಸ್ತ್ರಾಣಗಳಲ್ಲ. ಅವು ನಿವೇಶನದುದ್ದಕ್ಕೂ ಹರಡಿರುತ್ತವೆ. ಕಪ್ಪು ತೇವದ ಮಣ್ಣು ಎಷ್ಟು ಆಳದಲ್ಲಿ ಶುರುವಾಗುತ್ತದೆ, ಎಷ್ಟು ದಪ್ಪವಿದೆ, ನೀರು ಎಲ್ಲಿ ನಿಂತಿದೆ ಎಂಬುದನ್ನು ಐದು ರಂಧ್ರಗಳು ಚೆನ್ನಾಗಿಯೇ ಹೇಳಬಲ್ಲವು. ಆದ್ದರಿಂದಲೇ ಪುರಾತತ್ವಜ್ಞರು ಅಡಿಪಾಯ ತೋಡುವ ದಿನ ಬಂದರೆ ಸಾಲದು, ಮೊದಲ ರಂಧ್ರ ಕೊರೆಯುವ ದಿನವೇ ಅಲ್ಲಿರಬೇಕು. ಅಡಿಪಾಯದ ನಕ್ಷೆಯನ್ನು ಬದಲಿಸಲು ಆಗ ಇನ್ನೂ ಸಮಯವಿರುತ್ತದೆ.

ಕಾನೂನು ತಡವಾಗಿ ಬಂತು. 1979ರ ಕಾಯಿದೆಯಡಿ 1984ರಲ್ಲಿ ಯಾರ್ಕ್ ಸೇರಿ ಐದು ನಗರಗಳ ಹಳೆಯ ಭಾಗಗಳಲ್ಲಿ ನೆಲ ಅಗೆಯುವವರು ಆರು ವಾರ ಮೊದಲೇ ತಿಳಿಸಬೇಕೆಂದಾಯಿತು. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡದ ಜಾಗದಲ್ಲಿ ಷೇಕ್ಸ್‌ಪಿಯರನ ಕಾಲದ ರೋಸ್ ರಂಗಮಂದಿರ ಪತ್ತೆಯಾಗಿ ದೊಡ್ಡ ಗಲಾಟೆಯೇ ನಡೆಯಿತು. ಮರುವರ್ಷ ಬಂದ ಸರ್ಕಾರಿ ಮಾರ್ಗಸೂಚಿಯು ಅನುಮತಿಗೆ ಮೊದಲೇ ನೆಲದ ಪರಿಶೀಲನೆಯಾಗಬೇಕು, ಸಾಧ್ಯವಾದಲ್ಲಿ ಅವಶೇಷಗಳನ್ನು ಇದ್ದಲ್ಲೇ ಉಳಿಸಬೇಕು ಎಂದಿತು. 1991ರಲ್ಲಿ ಓವ್ ಅರೂಪ್ ಸಂಸ್ಥೆ ಮತ್ತು ಯಾರ್ಕ್ ವಿಶ್ವವಿದ್ಯಾನಿಲಯ ಸೇರಿ ನಡೆಸಿದ ಅಧ್ಯಯನ ಹಳೆಯ ಕೊರೆರಂಧ್ರಗಳ ದಾಖಲೆಗಳನ್ನು ಕಲೆಹಾಕಿ, ನಗರದ ಅಡಿಯ ಸ್ತರಗಳ ಚಿತ್ರ ಬರೆಯಿತು. ಯಾರೋ ಭಾರ ಅಳೆಯಲೆಂದು ಬರೆದಿಟ್ಟ ಅಂಕಿಗಳು ಹೀಗೆ ಇತಿಹಾಸಕ್ಕೆ ಒದಗಿದವು.

ಅಲ್ಲಿಂದ ಒಂದು ನಿಯಮ ಹುಟ್ಟಿತು: ಹೊಸ ಕಟ್ಟಡದ ಅಡಿಪಾಯ ನಿವೇಶನದ ಪುರಾತನ ಸ್ತರಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚನ್ನು ನಾಶಮಾಡಬಾರದು. ಕೇಳಲು ಚೆನ್ನ, ಆದರೆ ನನಗೆ ಸಂಶಯವಿದೆ. ಕಾಂಕ್ರೀಟ್ ಕಂಬವನ್ನು ನೆಲಕ್ಕೆ ಬಡಿದಾಗ ಸುತ್ತಲಿನ ಮಣ್ಣೂ ಬಾಗಿ ಕೆಳಗೆಳೆಯಲ್ಪಡುತ್ತದೆ. ಕಂಬದ ಎರಡರಷ್ಟು ವ್ಯಾಸದವರೆಗೆ ಕದಡಿತೆನ್ನಿ. ವಿಸ್ತೀರ್ಣ ನಾಲ್ಕು ಪಟ್ಟಾಗಿ ಶೇ. 5 ಎಂಬುದು 20 ಆಯಿತು. ಉಳಿದ ಭಾಗಕ್ಕಾದರೂ ನೀರು ಉಳಿಯಬೇಕು. ಅಂತರ್ಜಲ ಇಳಿದರೆ ಆ ಜಾಗಕ್ಕೆ ಗಾಳಿ ಇಳಿಯುತ್ತದೆ. ಸಾವಿರ ವರ್ಷ ಕೆಡದಿದ್ದ ಮರ, ಚರ್ಮ, ಬಟ್ಟೆ ಅಲ್ಲೇ ಕತ್ತಲೆಯಲ್ಲಿ ಕೊಳೆಯತೊಡಗುತ್ತವೆ, ಯಾರಿಗೂ ಗೊತ್ತಾಗದೆ.

ಗೊತ್ತಾಗುವ ಒಂದು ದಾರಿಯೆಂದರೆ ಮತ್ತೆ ಅದೇ ರಂಧ್ರಗಳು. ಇಂಥ ಕಡೆ ಕೆಲವನ್ನು ಮುಚ್ಚದೆ, ತೂತುಗಳಿರುವ ಕೊಳವೆ ಇಳಿಸಿ, ನೀರಿನ ಮಟ್ಟ, ಅದರ ಆಮ್ಲೀಯತೆ, ಕರಗಿದ ಆಕ್ಸಿಜನ್ ಇವನ್ನು ಆಗಾಗ್ಗೆ ಅಳೆಯುತ್ತಾರೆ. ಮೇಲೆ ಅಂಗಡಿ, ಗಿರಾಕಿಗಳು. ನೆಲದಲ್ಲಿ ಅಂಗೈಯಗಲದ ಒಂದು ಕಬ್ಬಿಣದ ಮುಚ್ಚಳ.