ಇರಿಡಿಯಂ ಮಿಂಚು: ನಮ್ಮ ಕಡೆ ಆಕಾಶದ ಇಪ್ಪತ್ತೆರಡು ವರ್ಷ

ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್‌ನಲ್ಲಿ. ಅದೇ ವರ್ಷ ಮೇ 5ರಂದು ಅಮೆರಿಕದಿಂದ ಮೊದಲ ಐದು ಇರಿಡಿಯಂ ಉಪಗ್ರಹಗಳು ಮೇಲೇರಿದವು. ಜಿಲ್ಲೆ ಇನ್ನೂ ಇದೆ, ಆ ಉಪಗ್ರಹಗಳ ಮಿಂಚು ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವು ಫೋನಿಗಾಗಿ ಹಾರಿಸಿದ ಉಪಗ್ರಹಗಳು. 77 ಬೇಕೆಂದು ಲೆಕ್ಕ ಹಾಕಿ 77ನೇ ಮೂಲವಸ್ತುವಿನ ಹೆಸರಿಟ್ಟರು. ಆಮೇಲೆ 66 ಸಾಕೆಂದಾಯ್ತು, ಹೆಸರು ಮಾತ್ರ ಹಾಗೇ ಉಳಿಯಿತು! ಒಂದೊಂದಕ್ಕೂ ಬಾಗಿಲಿನಷ್ಟು ದೊಡ್ಡ, ಕನ್ನಡಿಯಂತೆ ನುಣುಪಾದ ಮೂರು ಆಂಟೆನಾಗಳು. ಸುಮಾರು 780 ಕಿ.ಮೀ. ಎತ್ತರದಲ್ಲಿ ಅದಕ್ಕೆ ಬಿಸಿಲು ಬಡಿದು ನೆಲಕ್ಕೆ ಬೀಳುತ್ತಿತ್ತು. ಹುಡುಗರು ಕನ್ನಡಿ ಹಿಡಿದು ಗೋಡೆ ಮೇಲೆ ಬಿಸಿಲು ಕುಣಿಸ್ತಾರಲ್ಲ, ಅದೇ ಆಟ. ಕೆಲವೇ ಸೆಕೆಂಡು... ಜೋರಾದದ್ದು ಶುಕ್ರಗ್ರಹಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊಳೆಯುತ್ತಿತ್ತು.

ನೆಲದ ಮೇಲೆ ಆ ಬೆಳಕಿನ ಪಟ್ಟಿ ಬಲು ಕಿರಿದು. ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದರಿಂದ ಅದು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಸರಿಯುತ್ತಿತ್ತು. ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರು ಇರುವುದೋ ಪಶ್ಚಿಮದಿಂದ ಪೂರ್ವಕ್ಕೆ. ಹಾಗಾಗಿ ಕೊಳ್ಳೇಗಾಲದ ತಾರಸಿಯಲ್ಲಿ ಕಣ್ಣು ಕುಕ್ಕಿದ್ದು ಹನೂರಿನಲ್ಲಿ ಬರೀ ಒಂದು ಚುಕ್ಕಿ! ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಹೆವೆನ್ಸ್ ಅಬೋವ್ ತಾಣ ಸೆಕೆಂಡಿನ ಲೆಕ್ಕದಲ್ಲಿ ಸಮಯ ಹೇಳುತ್ತಿತ್ತು. ಹಾಗೊಮ್ಮೆ ಚೀಟಿಯಲ್ಲಿ ಬರಕೊಂಡು ಹನೂರಿನ ಹೊಲದಲ್ಲಿ ದೊಡ್ಡಪ್ಪನ ಜೊತೆ ನಿಂತಿದ್ದೆ. ಹೇಳಿದ ಹೊತ್ತಿಗೆ ಸರಿಯಾಗಿ ಮಿಂಚಿತು. "ಯಾರ್ಲಾ ಮಗ ಅಲ್ಲಿ ಬ್ಯಾಟ್ರಿ ಬುಟ್ಟೋರು?" ಅಂದರು.

ಬ್ಯಾಟ್ರಿ ಬಿಟ್ಟ ಕಂಪನಿ 1999ರ ಆಗಸ್ಟ್‌ನಲ್ಲೇ ದಿವಾಳಿಯಾಗಿತ್ತು. ಉಪಗ್ರಹಗಳನ್ನೆಲ್ಲ ಕೆಳಗಿಳಿಸಿ ಸುಡುವ ಯೋಚನೆಯೂ ನಡೆದಿತ್ತು. 2000ದಲ್ಲಿ ಹೊಸಬರು ಕೊಂಡರು, ಮಿಂಚು ಉಳಿಯಿತು. 2009ರ ಫೆಬ್ರವರಿ 10ರಂದು ಒಂದು ಇರಿಡಿಯಂ, ಕೆಟ್ಟುನಿಂತ ರಷ್ಯಾದ ಉಪಗ್ರಹಕ್ಕೆ ಡಿಕ್ಕಿ ಹೊಡೆದು ಚೂರಾಯಿತು. 2017ರ ಜನವರಿಯಿಂದ 2019ರ ಜನವರಿವರೆಗೆ ಹೊಸ ಉಪಗ್ರಹಗಳನ್ನು ಹಾರಿಸಿ, ಹಳೆಯವನ್ನು ಒಂದೊಂದಾಗಿ ಇಳಿಸಿದರು. ಹೊಸದರಲ್ಲಿ ಆ ಕನ್ನಡಿ ಬಾಗಿಲುಗಳಿಲ್ಲ. ಕೆಟ್ಟುಹೋದ ಕೆಲವು ಹಳೆಯವು ಇನ್ನೂ ಮೇಲೆ ಉರುಳುತ್ತಿವೆ, ಆದರೆ ಗಡಿಯಾರ ಹಿಡಿದು ಕಾಯುವ ಸುಖ ಮುಗಿಯಿತು.

2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲು ಸಾಲಾಗಿ ಏರುತ್ತಿವೆ, ಈಗ ಸಾವಿರಾರು. ಅವನ್ನು ಕಂಡವರ ಫೋಟೋ, ವಿಡಿಯೋಗಳಿಗೆ ಲೆಕ್ಕವಿಲ್ಲ. ಇರಿಡಿಯಂ ಮಿಂಚು ನಮ್ಮ ಯಾವ ಗೆಜೆಟಿಯರ್‌ನಲ್ಲೂ ಸೇರುವಂಥದ್ದಲ್ಲ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಕತ್ತಲಲ್ಲಿ ಅದನ್ನು ಕಂಡವರು ಚುಕ್ಕಿ ಉರಿದುಬಿತ್ತು ಅಂದುಕೊಂಡು ಮಲಗಿರಬಹುದು. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ ಗೆಳೆಯರೆ. ಯಾವ ಊರು, ಯಾವ ವರ್ಷ, ಯಾವ ದಿಕ್ಕು ಅಂತ ನೆನಪಿರುವಾಗಲೇ ಬರೆದಿಡಿ.