ಕ್ರಿಸ್ಮಸ್ ಮರದ ಅಲಂಕಾರಗಳು: ಮನೆಯಲ್ಲಿ ತಯಾರಿಕೆಯ ಇತಿಹಾಸ

ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಅಲಂಕಾರಗಳನ್ನು ಮನೆಯಲ್ಲೇ ತಯಾರಿಸುವ ರೂಢಿ ಬೆಳೆದುಬಂದದ್ದು ಜರ್ಮನ್ ಭಾಷಿಕರ ಪ್ರದೇಶಗಳಲ್ಲಿ. ಮೊದಮೊದಲು ಮರದಲ್ಲಿ ತೂಗುತ್ತಿದ್ದವು ಹೆಚ್ಚಾಗಿ ತಿನ್ನುವ ಪದಾರ್ಥಗಳೇ. 1605ರ ಸ್ಟ್ರಾಸ್‌ಬರ್ಗ್ ನಗರದ ಒಂದು ಪ್ರವಾಸ ಬರಹದ ಪ್ರಕಾರ ಅಲ್ಲಿನವರು ಹಬ್ಬಕ್ಕೆ ಕೋಣೆಯೊಳಗೆ ಫರ್ ಮರ ನಿಲ್ಲಿಸಿ, ಬಣ್ಣದ ಕಾಗದದಲ್ಲಿ ಕತ್ತರಿಸಿದ ಗುಲಾಬಿ, ಸೇಬು, ತೆಳುವಾದ ಹಿಟ್ಟಿನ ಬಿಲ್ಲೆ, ಹೊಳೆಯುವ ಬೇಗಡೆ ಮತ್ತು ಸಕ್ಕರೆ ತಿನಿಸುಗಳನ್ನು ಕಟ್ಟುತ್ತಿದ್ದರು. ಸೇಬಿಗೆ ಧಾರ್ಮಿಕ ಹಿನ್ನೆಲೆಯೂ ಉಂಟು. ಡಿಸೆಂಬರ್ 24 ಆದಾಮ ಮತ್ತು ಹವ್ವಳ ದಿನ. ಅಂದಿನ ನಾಟಕಗಳಲ್ಲಿ ಸೇಬು ಕಟ್ಟಿದ ಮರವೇ ಏದೆನ್ ತೋಟದ ಮರವಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ರೂಢಿ ಇಂಗ್ಲೆಂಡ್, ಅಮೆರಿಕಗಳ ಮಧ್ಯಮವರ್ಗಕ್ಕೆ ಹಬ್ಬಿತು. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರವನ್ನು 1848ರಲ್ಲಿ ಲಂಡನ್ನಿನ ವಾರಪತ್ರಿಕೆಯೊಂದು ಅಚ್ಚು ಹಾಕಿತು. 1850ರಲ್ಲಿ ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಅದೇ ಚಿತ್ರದಿಂದ ರಾಣಿಯ ಕಿರೀಟವನ್ನೂ ಆಕೆಯ ಪತಿ ಆಲ್ಬರ್ಟನ ಮೀಸೆಯನ್ನೂ ಅಳಿಸಿ, ಅದನ್ನು ಅಮೆರಿಕದ ಸಾಮಾನ್ಯ ಕುಟುಂಬವಾಗಿಸಿ ಪ್ರಕಟಿಸಿತು. ಬೇಗಡೆ ಸುತ್ತಿದ ಆಕ್ರೋಟು, ಮಿಠಾಯಿ ತುಂಬಿದ ಕಾಗದದ ಪೊಟ್ಟಣ, ಕಾಗದದ ಸರಪಣಿ, ಅಮೆರಿಕದಲ್ಲಾದರೆ ದಾರಕ್ಕೆ ಪೋಣಿಸಿದ ಜೋಳದ ಅರಳು, ಇವೆಲ್ಲ ಹೆಂಗಸರು ಮಕ್ಕಳು ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸ. ಡೆನ್ಮಾರ್ಕಿನಲ್ಲಿ ಎರಡು ಬಣ್ಣದ ಕಾಗದದ ಪಟ್ಟಿಗಳನ್ನು ಚಾಪೆಯಂತೆ ಹೆಣೆದು ಹೃದಯದಾಕಾರದ ಚೀಲ ಮಾಡುತ್ತಾರೆ. ಅಂಥ ಹಳೆಯ ಹೃದಯಗಳಲ್ಲೊಂದನ್ನು ಮಕ್ಕಳ ಕತೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ್ದು.

ಇವು ಸ್ವಂತ ಮನೆಯ ಮರಕ್ಕೆ. ಪರರ ಮನೆಯ ಮರಕ್ಕಾಗಿ ಕೂಲಿಗೆ ಮಾಡಿದ ಗೃಹಕೈಗಾರಿಕೆಯ ಕತೆ ಬೇರೆ. ಅದರ ಕೇಂದ್ರ ಜರ್ಮನಿಯ ತುರಿಂಗಿಯಾ ಬೆಟ್ಟಗಳ ಲೌಶಾ. 1597ರಲ್ಲಿ ಗಾಜಿನ ಕುಲುಮೆ ಕಂಡ ಈ ಊರಿನಲ್ಲಿ ಸೇಬು ಕೊಳ್ಳಲಾಗದ ಬಡ ಕೆಲಸಗಾರನೊಬ್ಬ ಗಾಜಿನಲ್ಲೇ ಸೇಬು ಊದಿದನೆಂಬ ಕತೆಯಿದೆ. ಕತೆಗಿಂತ ಗಟ್ಟಿಯಾದ ಆಧಾರ 1848ರ ಒಂದು ಲೆಕ್ಕದ ಪುಸ್ತಕ: ಅದರಲ್ಲಿ ಮರಕ್ಕೆ ಕಟ್ಟುವ ಆರು ಡಜನ್ ಗುಂಡುಗಳ ಬೇಡಿಕೆ ದಾಖಲಾಗಿದೆ. ಆಗ ಎಣ್ಣೆ ದೀಪದ ಉರಿಗೆ ತಿದಿಯೊತ್ತಿ ಗಾಜು ಕಾಯಿಸುತ್ತಿದ್ದರು. 1867ರಲ್ಲಿ ಊರಿಗೆ ಗ್ಯಾಸ್ ಬಂದ ಮೇಲೆ ಹೆಚ್ಚು ಬಿಸಿಯ, ಹದ ತಪ್ಪದ ಜ್ವಾಲೆ ಸಿಕ್ಕಿ, ತೆಳು ಗೋಡೆಯ ದೊಡ್ಡ ಗುಂಡುಗಳನ್ನು ಮನೆಯಲ್ಲೇ ಊದುವುದು ಸಾಧ್ಯವಾಯಿತು.

ಕೆಲಸ ಮನೆಮಂದಿಗೆಲ್ಲ ಹಂಚಿಹೋಗಿತ್ತು. ಗಂಡಸು ಗಾಜಿನ ಕೊಳವೆಯನ್ನು ಕಾಯಿಸಿ, ಬೇಕಿದ್ದರೆ ಅಚ್ಚಿನೊಳಗಿಟ್ಟು ಊದುತ್ತಿದ್ದ. ಹಣ್ಣು, ಹಕ್ಕಿ, ದೇವದೂತರ ಆಕಾರಗಳು ಅಚ್ಚಿನಿಂದಲೇ ಬರುತ್ತಿದ್ದವು. ಹೆಂಗಸು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಒಳಕ್ಕೆ ಹೊಯ್ದು, ಬಿಸಿನೀರಿನಲ್ಲಿ ಅಲುಗಾಡಿಸಿ, ಗಾಜಿನ ಒಳಮೈಗೆ ಕನ್ನಡಿಯ ಹೊಳಪು ಹಿಡಿಸುತ್ತಿದ್ದಳು. ಆಮೇಲೆ ಬಣ್ಣದಲ್ಲಿ ಅದ್ದಿ, ಮೊಳೆ ಹೊಡೆದ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಒಣಗಿಸುವುದು, ಉಳಿದ ಕೊಳವೆಯ ತುದಿ ಕತ್ತರಿಸಿ ಲೋಹದ ಟೋಪಿ ತೊಡಿಸುವುದು. ಇದರಲ್ಲಿ ಮಕ್ಕಳ ಪಾಲೂ ಇತ್ತು. ಸಿದ್ಧವಾದ ಸರಕನ್ನು ಹೆಂಗಸರು ಬುಟ್ಟಿಗಳಲ್ಲಿ ಬೆನ್ನ ಮೇಲೆ ಹೊತ್ತು ಸೋನೆಬರ್ಗ್‌ನ ವರ್ತಕರಿಗೆ ಮುಟ್ಟಿಸುತ್ತಿದ್ದರು. ಮಳಿಗೆಗಳಲ್ಲಿ ಹಬ್ಬದ ಸಡಗರವಾಗಿ ಕಂಡದ್ದರ ಹಿಂದೆ ಕುಟುಂಬವೊಂದರ ದಿನವಿಡೀ ದುಡಿಮೆಯಿತ್ತು.

ಅಮೆರಿಕದ ವ್ಯಾಪಾರಿ ಎಫ್. ಡಬ್ಲ್ಯು. ವುಲ್‌ವರ್ತ್ 1880ರ ಸುಮಾರಿಗೆ ಈ ಗುಂಡುಗಳನ್ನು 25 ಡಾಲರಿನಷ್ಟು ಮಾತ್ರ, ಅದೂ ಹಿಂಜರಿಯುತ್ತ, ಕೊಂಡ. ಎರಡೇ ದಿನಗಳಲ್ಲಿ ಖಾಲಿಯಾದವು. ಬಳಿಕ ಅವನ ಸರಣಿ ಮಳಿಗೆಗಳೇ ಲೌಶಾದ ದೊಡ್ಡ ಗಿರಾಕಿ. ಎರಡನೆಯ ಮಹಾಯುದ್ಧ ಹತ್ತಿರವಾದಾಗ ಆಮದುದಾರ ಮ್ಯಾಕ್ಸ್ ಎಕಾರ್ಟ್ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಕಂಪನಿಯನ್ನು ಒಪ್ಪಿಸಿ, ಬಲ್ಬ್ ತಯಾರಿಸುವ ಯಂತ್ರದಲ್ಲಿ ಗುಂಡುಗಳನ್ನು ಮಾಡಿಸಿದ. ಯುದ್ಧದ ವರ್ಷಗಳಲ್ಲಿ ಬೆಳ್ಳಿ, ಲೋಹಗಳ ಕೊರತೆಯಿಂದ ಅವು ಪಾರದರ್ಶಕವಾಗಿ, ಕಾಗದದ ಟೋಪಿ ತೊಟ್ಟು ಬಂದವು. ಪೂರ್ವ ಜರ್ಮನಿಗೆ ಸೇರಿದ ಲೌಶಾದಲ್ಲಿ ಸರ್ಕಾರಿ ಕಾರ್ಖಾನೆ ಎದ್ದರೂ ಊದುವ ಕಸುಬು ನಿಂತುಹೋಗಲಿಲ್ಲ. ಝೆಕ್ ಗಣರಾಜ್ಯದ ಪೋನಿಕ್ಲಾದಲ್ಲಿ ಊದಿದ ಗಾಜಿನ ಮಣಿಗಳನ್ನು ತಂತಿಗೆ ಪೋಣಿಸಿ ನಕ್ಷತ್ರ, ಜೇಡ ಮೊದಲಾದ ಆಕಾರ ಕೊಡುವ ಕಲೆಯನ್ನು ಯುನೆಸ್ಕೊ 2020ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕರ್ನಾಟಕದ ಕ್ರೈಸ್ತರ ಮನೆಗಳಲ್ಲಿ ಗೋದಲಿ ಮತ್ತು ನಕ್ಷತ್ರದೀಪಗಳಿಗೆ ಮರದಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚಿನ ಮಹತ್ವ. ಬಿದಿರಿನ ಕಡ್ಡಿಗಳಿಗೆ ಬಣ್ಣದ ಕಾಗದ ಅಂಟಿಸಿ ಒಳಗೆ ದೀಪವಿಡುವ ನಕ್ಷತ್ರವನ್ನು ಕರಾವಳಿಯಲ್ಲಿ ಮನೆಯವರೇ ಕಟ್ಟುತ್ತಿದ್ದರು. ಫರ್ ಸಿಗದ ಕಡೆ ಗಾಳಿಮರದ ಕೊಂಬೆಯೇ ಕ್ರಿಸ್ಮಸ್ ಮರ. ಚನ್ನಪಟ್ಟಣದ ಕುಶಲಕರ್ಮಿಗಳು ಈಚಿನ ದಶಕಗಳಲ್ಲಿ ಹಾಲೆ ಮರದ ಗಂಟೆ, ಗುಂಡು, ನಕ್ಷತ್ರಗಳನ್ನು ಮಾಡಿ ವಿದೇಶಗಳಿಗೂ ಕಳಿಸುತ್ತಾರೆ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಆಡಿಸಿ ಹೊಳಪು ಬರಿಸುತ್ತಾರೆ.