ಎತ್ತರ ಮತ್ತು ವಾತಾವರಣದ ಒತ್ತಡ

ಒಂದು ಸ್ಥಳದ ಮೇಲಿರುವ ಗಾಳಿಯ ತೂಕವು ಅಲ್ಲಿನ ಏಕಮಾನ ಕ್ಷೇತ್ರಫಲದ ಮೇಲೆ ಪ್ರಯೋಗಿಸುವ ಬಲಕ್ಕೆ ವಾತಾವರಣದ ಒತ್ತಡ ಎಂದು ಹೆಸರು. ಮೇಲೇರಿದಂತೆ ತಲೆಯ ಮೇಲೆ ಉಳಿಯುವ ಗಾಳಿ ಕಡಿಮೆಯಾಗುವುದರಿಂದ ಒತ್ತಡವೂ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಇದರ ಪ್ರಮಾಣಿತ ಮೌಲ್ಯ 1013.25 ಹೆಕ್ಟೋಪ್ಯಾಸ್ಕಲ್, ಇದು 760 ಮಿ.ಮೀ. ಎತ್ತರದ ಪಾದರಸದ ಕಂಬಕ್ಕೆ ಸಮ.

ಇಳಿಕೆಯ ಕ್ರಮ

ಈ ಇಳಿಕೆ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿಲ್ಲ. ಮೇಲಿನ ಗಾಳಿಯ ಭಾರಕ್ಕೆ ಕೆಳಗಿನ ಪದರಗಳು ಅದುಮಲ್ಪಟ್ಟು ಸಾಂದ್ರವಾಗಿರುತ್ತವೆ. ಆದ್ದರಿಂದ ಸಮುದ್ರಮಟ್ಟದ ಬಳಿ ಸುಮಾರು 8ರಿಂದ 9 ಮೀಟರ್ ಏರಿದರೆ 1 ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. ಮೇಲೆ ಹೋದಂತೆ ಅಷ್ಟೇ ಇಳಿಕೆಗೆ ಹೆಚ್ಚು ಎತ್ತರ ಬೇಕಾಗುತ್ತದೆ. ಸುಮಾರು 5.5 ಕಿ.ಮೀ. ಎತ್ತರದಲ್ಲಿ ಒತ್ತಡ ಅರ್ಧಕ್ಕೆ ಇಳಿಯುತ್ತದೆ.

ಇತಿಹಾಸ

ಇಟಲಿಯ ಟೊರಿಚೆಲ್ಲಿ 1643ರಲ್ಲಿ ಪಾದರಸದ ವಾಯುಭಾರಮಾಪಕವನ್ನು ರೂಪಿಸಿದನು. ಬ್ಲೇಸ್ ಪ್ಯಾಸ್ಕಲನ ಸೂಚನೆಯಂತೆ ಅವನ ಭಾವನಾದ ಪೆರಿಯೇ 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ವೀ ದ ಡೋಮ್ ಬೆಟ್ಟವನ್ನೇರಿ, ಶಿಖರದಲ್ಲಿ ಪಾದರಸದ ಮಟ್ಟ ಇಳಿಯುವುದನ್ನು ತೋರಿಸಿದನು.

ಕರ್ನಾಟಕದಲ್ಲಿ

ರೈಲು ನಿಲ್ದಾಣಗಳ ಹಳದಿ ನಾಮಫಲಕದಲ್ಲಿ ಊರಿನ ಹೆಸರಿನೊಡನೆ ಸಮುದ್ರಮಟ್ಟದಿಂದ ಅದರ ಎತ್ತರವನ್ನೂ ಬರೆದಿರುತ್ತಾರೆ. ಓಕಳಿಪುರಂ ಪಕ್ಕದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು ನಿಲ್ದಾಣದ ಎತ್ತರ ಸುಮಾರು 900 ಮೀಟರ್. ಅಲ್ಲಿನ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್, ಅಂದರೆ ಕಡಲತೀರದ ಮಂಗಳೂರಿಗಿಂತ ಹತ್ತನೆಯ ಒಂದು ಭಾಗ ಕಡಿಮೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಲ್ಲಿ (1,930 ಮೀಟರ್) ಅದು ಸುಮಾರು 800ಕ್ಕೆ ಇಳಿಯುತ್ತದೆ.

ಪರಿಣಾಮಗಳು

ಒತ್ತಡ ಕಡಿಮೆಯಾದಲ್ಲಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ಬೇಳೆ ಬೇಯಲು ತುಸು ಹೆಚ್ಚು ಹೊತ್ತು ಬೇಕು. ಪ್ರೆಷರ್ ಕುಕ್ಕರ್ ಹಬೆಯನ್ನು ಹಿಡಿದಿಟ್ಟು ಈ ಕೊರತೆಯನ್ನು ನೀಗಿಸುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗುವುದಕ್ಕೂ ಒತ್ತಡದ ಬದಲಾವಣೆಯೇ ಕಾರಣ.

ಹವಾಮಾನ ವರದಿಯಲ್ಲಿ

ಬೆಂಗಳೂರಿನ ಒತ್ತಡ ಸುಮಾರು 910 ಆಗಿದ್ದರೂ ಹವಾಮಾನ ನಕ್ಷೆಗಳು ಸಾಮಾನ್ಯವಾಗಿ 1010ರ ಆಸುಪಾಸಿನ ಅಂಕಿಯನ್ನು ನೀಡುತ್ತವೆ. ಇದು ತಪ್ಪಲ್ಲ. ಊರು ಸಮುದ್ರಮಟ್ಟದಲ್ಲಿದ್ದರೆ ಒತ್ತಡ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕಿ ಪಡೆದ ಮೌಲ್ಯವದು. ಹಾಗೆ ಪರಿವರ್ತಿಸದಿದ್ದರೆ ಎತ್ತರದ ದಖ್ಖನ್ ಪ್ರಸ್ಥಭೂಮಿ ನಕ್ಷೆಯಲ್ಲಿ ಸದಾ ಕಡಿಮೆ ಒತ್ತಡದ ಪ್ರದೇಶವಾಗಿ ಕಾಣುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದಾಗ ಆಗುವ ಇಳಿಕೆ ಹಲವು ಬಾರಿ ಕೆಲವೇ ಹೆಕ್ಟೋಪ್ಯಾಸ್ಕಲ್‌ಗಳಷ್ಟು. ಎತ್ತರದಿಂದಾದ ವ್ಯತ್ಯಾಸವನ್ನು ಕಳೆದಾಗ ಮಾತ್ರ ಮಳೆಯ ಆ ಸೂಚನೆಯನ್ನು ಗುರುತಿಸಲು ಸಾಧ್ಯ.